ಇದ್ದಿಲು ಬಸ್ಸಿನ ಉಸಿರು

ಕಳೆದ ದೀಪಾವಳಿಯ ಮರುದಿನ ಹಳೆಯ ವಿದ್ಯಾರ್ಥಿಯೊಬ್ಬನಿಂದ ದೂರವಾಣಿ ಕರೆ ಬಂದಿತು. ಹೆಸರು ಬೇಡ, 1970ರ ದಶಕದ ಕೊನೆಯಲ್ಲಿ ನನ್ನ ಬಳಿ ವಿಜ್ಞಾನ ಓದಿ, ಈಗ ಶಿರಾಳಕೊಪ್ಪದ ಕಡೆ ಗ್ಯಾರೇಜು ಇಟ್ಟುಕೊಂಡಿರುವವನು ಎಂದರೆ ಅವನ ಓರಗೆಯವರಿಗೆ ಗುರುತು ಹತ್ತೀತು. ಕುಶಲ ವಿಚಾರಿಸಿದ ಮೇಲೆ ಆತ ಕೇಳಿದ: “ಮೇಷ್ಟ್ರೇ, ಒಂದು ಹಳೇ ಜೀಪಿನ ಎಂಜಿನ್ ಬಿಚ್ಚಿಕೊಂಡು ಕೂತಿದ್ದೀನಿ. ಮುಂದೆ ಎರಡು ಹೆಡ್ಡು ಇವೆ. ಒಂದು ಕಂಪನಿಯಿಂದ ಬಂದ ಹಾಗೇ ಇದೆ. ಇನ್ನೊಂದರ ಗಾಳಿ ದಾರೀನ ಯಾರೋ ಉಜ್ಜಿ ಅಗಲ ಮಾಡಿದ್ದಾರೆ. ಗಿರಾಕಿಗೆ ಅಗಲದ್ದೇ ಬೇಕಂತೆ. ಯಾವುದನ್ನ ಕೂರಿಸಲಿ?”

ಸ್ಪ್ಯಾನರ್ ಹಿಡಿದು ಒಂದು ನಟ್ಟನ್ನೂ ನೆಟ್ಟಗೆ ಬಿಚ್ಚಲು ಬಾರದ ನನ್ನನ್ನು ಇದನ್ನು ಕೇಳುತ್ತೀಯಲ್ಲಯ್ಯಾ ಎಂದೆ. “ನೀವೇ ಅಲ್ವಾ ಮೇಷ್ಟ್ರೇ, ಒಂಬತ್ತನೇ ಕ್ಲಾಸಿನಲ್ಲಿ ನಿಮ್ಮ ಮಾವನ ಇದ್ದಿಲು ಬಸ್ಸಿನ ಕಥೆ ಹೇಳಿದ್ದು? ಎಂಜಿನ್ನು ಗಾಳಿ ಕುಡಿದು ಬದುಕೋ ಪ್ರಾಣಿ ಅಂದಿದ್ರಿ” ಎಂದ. ಹೇಳಿದ್ದೆ, ಹೌದು. ಆದರೆ ತರಗತಿಯಲ್ಲಿ ನಾನು ಹೇಳಿದ್ದು ನಗಿಸುವ ಅರ್ಧ ಕಥೆಯನ್ನು ಮಾತ್ರ. ಇನ್ನರ್ಧ ಆಗ ನನಗೇ ಅರ್ಥವಾಗಿರಲಿಲ್ಲ. ಅರ್ಥವಾಗುವ ಹೊತ್ತಿಗೆ ಅದನ್ನು ಕೇಳಬೇಕಾದವರು ಇರಲಿಲ್ಲ. ನಮ್ಮ ಬಂಧುವರ್ಗದಲ್ಲಿ ಪಿಸುಮಾತಿನಲ್ಲಿಯೇ ಉಳಿದುಹೋದ ಆ ಸಂಗತಿಯನ್ನು ವಿದ್ಯಾರ್ಥಿಗೆ ಕೊಡಬೇಕಾದ ಉತ್ತರದ ನೆಪದಲ್ಲಿ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು, ಎಂಜಿನ್ ಬಿಚ್ಚಿದ್ದನ್ನು ನೋಡದವರಿಗಾಗಿ ಎರಡು ಮಾತು. ಸಿಲಿಂಡರ್ ಎನ್ನುವುದು ಒಂದು ಕೊಳವೆ. ಅದರೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಆ ಕೊಳವೆಯ ಬಾಯಿಗೆ ಬಿಗಿದ ಭಾರವಾದ ಲೋಹದ ಮುಚ್ಚಳವೇ ಸಿಲಿಂಡರ್ ಹೆಡ್. ಗಾಳಿ ಮತ್ತು ಇಂಧನದ ಮಿಶ್ರಣ ಒಳಬರುವ ಬಾಗಿಲು, ಸುಟ್ಟ ಹೊಗೆ ಹೊರಹೋಗುವ ಬಾಗಿಲು ಕೆಲವು ಎಂಜಿನ್‌ಗಳಲ್ಲಿ ಈ ಮುಚ್ಚಳದಲ್ಲಿಯೇ ಇರುತ್ತವೆ, ಕೆಲವುಗಳಲ್ಲಿ ಪಕ್ಕದಲ್ಲಿರುತ್ತವೆ. ಬಾಗಿಲುಗಳಿಗೆ ಪಠ್ಯಪುಸ್ತಕದ ಹೆಸರು ಕವಾಟ. ಗ್ಯಾರೇಜಿನ ಹೆಸರು ವಾಲ್ವು. ಶಕ್ತಿಯೆಲ್ಲ ಪೆಟ್ರೋಲಿನಲ್ಲಿದೆ ಎಂದು ನಾವು ತಿಳಿಯುತ್ತೇವೆ. ವಾಸ್ತವದಲ್ಲಿ ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಹೆಚ್ಚು ಕಡಿಮೆ 15 ಕಿಲೋ ಗಾಳಿ ಬೇಕು. ಅಷ್ಟು ಗಾಳಿ ಎಂದರೆ ಸುಮಾರು 13 ಘನ ಮೀಟರ್, ಒಂದು ಸಣ್ಣ ಕೋಣೆಯ ತುಂಬ. ಪೆಟ್ರೋಲನ್ನು ಹೆಚ್ಚು ಸುರಿಯುವುದು ಸುಲಭ, ಗಾಳಿಯನ್ನು ಹೆಚ್ಚು ತುಂಬುವುದು ಕಷ್ಟ. ಎಂಜಿನ್ನಿನ ಬಲವನ್ನು ನಿರ್ಧರಿಸುವುದು ಅದರ ಹೊಟ್ಟೆಗಿಂತ ಹೆಚ್ಚಾಗಿ ಅದರ ಮೂಗು.

ನಮ್ಮ ಸೊರಬ ಸೀಮೆಯವರಿಗೆ ಇದನ್ನು ವಿವರಿಸಲು ಕೆರೆಯ ತೂಬಿಗಿಂತ ಒಳ್ಳೆಯ ಉಪಮಾನ ನನಗೆ ತೋರಿಲ್ಲ. ಹಳೆಯ ಕೆರೆಗಳಲ್ಲಿ ನೀರಿನ ನಡುವೆ ಎರಡು ಕಲ್ಲುಕಂಬ ನಿಂತಿರುವುದನ್ನು ನೀವು ಕಂಡಿದ್ದೀರಿ. ಅವುಗಳ ನಡುವಿನ ಹಾಸುಗಲ್ಲಿನಲ್ಲಿ ಒಂದು ದುಂಡನೆಯ ಕಂಡಿ, ಕಂಡಿಗೆ ಮರದ ಬಿರಡೆ, ಬಿರಡೆಗೆ ಉದ್ದನೆಯ ಕೋಲು. ನೀರುಗಂಟಿ ಬಂದು ಕೋಲನ್ನು ಎತ್ತಿದರೆ ಗದ್ದೆಗೆ ನೀರು. ಎಂಜಿನ್ನಿನ ಕವಾಟವೂ ರೂಪದಲ್ಲಿ ಇದೇ: ಕೋಲಿನ ತುದಿಗೊಂದು ದುಂಡು ಬಿರಡೆ. ಎರಡೂ ಕಡೆ ಲೆಕ್ಕ ಒಂದೇ. ಬಿರಡೆ ಸ್ವಲ್ಪ ಎದ್ದಾಗ ನೀರು ನುಗ್ಗುವುದು ಬಿರಡೆಗೂ ಕಂಡಿಗೂ ನಡುವಿನ ಬಳೆಯಾಕಾರದ ಸಂದಿನಿಂದ. ಆಗ ಕಂಡಿ ಎಷ್ಟು ದೊಡ್ಡದಿದ್ದರೂ ಪ್ರಯೋಜನವಿಲ್ಲ, ಸಂದೇ ಯಜಮಾನ. ಬಿರಡೆಯನ್ನು ಎತ್ತುತ್ತ ಹೋದಂತೆ ಸಂದು ಅಗಲವಾಗುತ್ತದೆ. ಕಂಡಿಯ ಅಡ್ಡಳತೆಯ ಕಾಲು ಭಾಗದಷ್ಟು ಎತ್ತರಕ್ಕೆ ಎದ್ದಾಗ ಸಂದಿನ ವಿಸ್ತೀರ್ಣವೂ ಕಂಡಿಯ ವಿಸ್ತೀರ್ಣವೂ ಸರಿಸಮವಾಗುತ್ತವೆ. ಅಲ್ಲಿಂದಾಚೆಗೆ ಬಿರಡೆಯನ್ನು ಆಕಾಶಕ್ಕೆ ಎತ್ತಿದರೂ ಹೆಚ್ಚು ನೀರು ಬಾರದು, ಏಕೆಂದರೆ ಈಗ ಕಂಡಿ ಯಜಮಾನ. ಸುತ್ತಳತೆಯನ್ನು ಎತ್ತರದಿಂದ ಗುಣಿಸಿ, ವೃತ್ತದ ವಿಸ್ತೀರ್ಣಕ್ಕೆ ಸಮೀಕರಿಸಿ ನೋಡಿ. ನಿಮಗೆ ಹತ್ತನೆಯ ತರಗತಿಯ ಗಣಿತ ಸಾಕು. ಈ “ಕಾಲು ಭಾಗ”ವನ್ನು ನೆನಪಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಇನ್ನು ಕಥೆಗೆ. ನಮ್ಮ ಸೋದರಮಾವ, ಅಮ್ಮನ ದೊಡ್ಡಣ್ಣ, ಯುದ್ಧದ ವರ್ಷಗಳಲ್ಲಿ ಶಿಕಾರಿಪುರದಿಂದ ಸೊರಬದ ಕಡೆಗೆ ಓಡುತ್ತಿದ್ದ ಖಾಸಗಿ ಬಸ್ಸುಗಳ ಫಿಟ್ಟರ್ ಆಗಿದ್ದರು; ಡ್ರೈವರ್ ಬಾರದ ದಿನ ಡ್ರೈವರೂ ಅವರೇ. ಆಗ ಶಿಕಾರಿಪುರಕ್ಕೆ ರೈಲಿಲ್ಲ. ಎತ್ತಿನ ಗಾಡಿ ಬಿಟ್ಟರೆ ಬಸ್ಸೊಂದೇ ಗತಿ. ಆ ಬಸ್ಸಿಗೆ ಪೆಟ್ರೋಲು ಸಿಗದಾಯಿತು. 1941ರಲ್ಲಿಯೇ ಪೆಟ್ರೋಲಿಗೆ ಪಡಿತರ ಬಂದಿತ್ತು. 1942ರ ಮಾರ್ಚಿನಲ್ಲಿ ರಂಗೂನು ಜಪಾನೀಯರ ವಶವಾಯಿತು; ಮರುತಿಂಗಳು ಯೆನಾಂಜಾವುಂಗ್‌ನ ತೈಲಬಾವಿಗಳನ್ನು ಹಿಮ್ಮೆಟ್ಟುತ್ತಿದ್ದ ಬ್ರಿಟಿಷರೇ ಹಾಳುಗೆಡವಿದರು. ಬರ್ಮಾದ ಎಣ್ಣೆಯನ್ನು ನೆಚ್ಚಿಕೊಂಡಿದ್ದ ಭಾರತಕ್ಕೆ ಅದು ದೊಡ್ಡ ಪೆಟ್ಟು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಮ್ಮ ತಾಲ್ಲೂಕಿನ ಈಸೂರಿನಲ್ಲಿ ನಡೆದದ್ದು ನಿಮಗೆಲ್ಲ ಗೊತ್ತಿರುವ ಚರಿತ್ರೆ. 1943ರ ಮಾರ್ಚಿನಲ್ಲಿ ಐವರು ನೇಣಿಗೇರಿದರು. ಮಾವ ಕಾಲವನ್ನು ಗುರುತಿಸುತ್ತಿದ್ದುದು ಹಾಗೆಯೇ: “ಈಸೂರಿನವರನ್ನ ಗಲ್ಲಿಗೆ ಹಾಕಿದರಲ್ಲ, ಆ ಬೇಸಿಗೇಲಿ ನಮ್ಮ ಬಸ್ಸಿಗೆ ಒಲೆ ಕಟ್ಟಿದ್ದು.”

ಒಲೆ ಎಂದದ್ದು ಉತ್ಪ್ರೇಕ್ಷೆಯಲ್ಲ. ಬಸ್ಸಿನ ಹಿಂಭಾಗಕ್ಕೆ ಆಳೆತ್ತರದ ಕಬ್ಬಿಣದ ಉರುಳೆಯೊಂದನ್ನು ಬಿಗಿದು, ಅದರೊಳಗೆ ಇದ್ದಿಲು ತುಂಬಿ, ತಳದಲ್ಲಿ ಬೆಂಕಿ ಇಡುತ್ತಿದ್ದರು. ಗಾಳಿಯನ್ನು ಬೇಕಷ್ಟು ಬಿಡದೆ ಇದ್ದಿಲನ್ನು ಅರೆಬರೆ ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದು ಉರಿಯುವ ಅನಿಲ. ಅದನ್ನು ತಣಿಸಿ, ಬೂದಿ ಶೋಧಿಸಿ, ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕುಡಿಸುವುದು. ಇದು ನಮ್ಮವರ ಆವಿಷ್ಕಾರವೇನೂ ಅಲ್ಲ. ಫ್ರೆಂಚ್ ಎಂಜಿನಿಯರ್ ಜಾರ್ಜ್ ಇಂಬರ್ಟ್ 1920ರ ದಶಕದಲ್ಲಿ ರೂಪಿಸಿದ ಒಲೆಯ ಮಾದರಿ ಯುರೋಪಿನಲ್ಲೆಲ್ಲ ಹರಡಿತ್ತು. ಯುದ್ಧದ ಕೊನೆಗೆ ಜರ್ಮನಿಯೊಂದರಲ್ಲಿಯೇ ಐದು ಲಕ್ಷದಷ್ಟು ವಾಹನಗಳು ಕಟ್ಟಿಗೆ, ಇದ್ದಿಲುಗಳ ಅನಿಲದಿಂದ ಓಡುತ್ತಿದ್ದುವು. ಇದ್ದಿಲಿಗಂತೂ ನಮ್ಮ ಜಿಲ್ಲೆಯಲ್ಲಿ ಬರವಿರಲಿಲ್ಲ. ಭದ್ರಾವತಿಯ ಕಬ್ಬಿಣದ ಕುಲುಮೆ 1923ರಲ್ಲಿ ಉರಿಯತೊಡಗಿದ್ದೇ ಮಲೆನಾಡಿನ ಮರದ ಇದ್ದಿಲಿನಿಂದ. ಒಂದು ಲೀಟರ್ ಪೆಟ್ರೋಲು ಮಾಡುವ ಕೆಲಸಕ್ಕೆ ಸುಮಾರು ಒಂದೂವರೆ ಕಿಲೋ ಇದ್ದಿಲು. ಮಾಲೀಕರಿಗೆ ಲೆಕ್ಕ ಲಾಭಕರವಾಗಿಯೇ ಕಂಡಿತು.

ತರಗತಿಯಲ್ಲಿ ನಾನು ನಗಿಸುತ್ತಿದ್ದುದು ಈ ಭಾಗದಿಂದ. ಬೆಳಗಿನ ಆರರ ಬಸ್ಸಿಗೆ ಕ್ಲೀನರ್ ಹುಡುಗ ಐದಕ್ಕೇ ಎದ್ದು ಬ್ಲೋಯರಿನ ಹಿಡಿ ತಿರುಗಿಸಬೇಕು, ಕಮ್ಮಾರನ ತಿದಿಯಂತೆ. ಅನಿಲ ಹದಕ್ಕೆ ಬಂದಿದೆಯೋ ಎಂದು ಕೊಳವೆಯ ಬಾಯಿಗೆ ಕಡ್ಡಿ ಗೀರಿ ನೋಡಬೇಕು. ನೀಲಿ ಜ್ವಾಲೆ ನಿಂತರೆ ಹೊರಡಬಹುದು. ಮಳೆಗಾಲದಲ್ಲಿ ನೆನೆದ ಇದ್ದಿಲು ಹಾಕಿದರೆ ಬರೀ ಹಬೆ. ಒಲೆಯ ಪಕ್ಕ ಬಗ್ಗಿ ನಿಂತ ಹುಡುಗರು ತಲೆಸುತ್ತಿ ಬೀಳುವುದೂ ಉಂಟು. ಕಾರ್ಬನ್ ಮಾನಾಕ್ಸೈಡ್ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷ. (ಇದನ್ನು ಹೇಳುವಾಗ ನಾನು ನಗಿಸುತ್ತಿರಲಿಲ್ಲ.) ಏರು ಬಂದಲ್ಲಿ ಕಂಡಕ್ಟರ್ ಎಲ್ಲರನ್ನೂ ಇಳಿಸುವನು. ಗಂಡಸರು ತಳ್ಳುವುದು, ಹೆಂಗಸರು ಮಕ್ಕಳು ನಡೆದು ಏರಿನ ತುದಿಯಲ್ಲಿ ಕಾಯುವುದು. ಟಿಕೇಟಿನ ಹಣ ಪೂರ್ತಿ, ಪ್ರಯಾಣ ಅರ್ಧ.

ಬಸ್ಸು ಏರಿನಲ್ಲಿ ನಿಲ್ಲುತ್ತಿದ್ದುದೇಕೆ? ಪೆಟ್ರೋಲಿನ ಆವಿ ಸಿಲಿಂಡರಿನೊಳಗೆ ಬಹಳ ಕಡಿಮೆ ಜಾಗ ಹಿಡಿಯುತ್ತದೆ, ನೂರರಲ್ಲಿ ಎರಡು ಪಾಲಿನ ಸುಮಾರು, ಉಳಿದುದೆಲ್ಲ ಗಾಳಿ. ಇದ್ದಿಲಿನ ಅನಿಲ ಹಾಗಲ್ಲ. ಒಂದು ಪಾಲು ಅನಿಲಕ್ಕೆ ಹೆಚ್ಚು ಕಡಿಮೆ ಒಂದೇ ಪಾಲು ಗಾಳಿ ಬೆರೆಸಬೇಕು. ಅಂದರೆ ಸಿಲಿಂಡರಿನ ಅರ್ಧ ಜಾಗವನ್ನು ಇಂಧನವೇ ನುಂಗಿಬಿಡುತ್ತದೆ. ಆ ಅನಿಲದಲ್ಲಿಯಾದರೂ ಅರ್ಧಕ್ಕಿಂತ ಹೆಚ್ಚು ಉರಿಯದ ಸಾರಜನಕ, ಒಲೆಗೆ ಹೋದ ಗಾಳಿಯಿಂದ ಉಳಿದುದು. ಒಂದು ಲೀಟರ್ ಪೆಟ್ರೋಲ್ ಮಿಶ್ರಣದಲ್ಲಿ 3.8 ಕಿಲೋಜೂಲ್ ಶಾಖವಿದ್ದರೆ ಇದರಲ್ಲಿ 2.5ರ ಆಸುಪಾಸು. ಇದು ಮೊದಲ ನಷ್ಟ, ಮೂರರಲ್ಲಿ ಒಂದು ಪಾಲು. ಎರಡನೆಯದು, ಅನಿಲ ಬಿಸಿಯಾಗಿರುತ್ತದೆ. ಹತ್ತು ಡಿಗ್ರಿ ಹೆಚ್ಚಾದರೆ ಸಾಂದ್ರತೆಯಲ್ಲಿ ನೂರಕ್ಕೆ ಮೂರು ಹೋಯಿತು. ಮೂರನೆಯದು, ಒಲೆ, ಶೋಧಕ, ಉದ್ದನೆಯ ಕೊಳವೆ ಇಷ್ಟನ್ನೂ ದಾಟಿ ಅನಿಲವನ್ನು ಎಳೆದುಕೊಳ್ಳಬೇಕಾದದ್ದು ಎಂಜಿನ್ನೇ. ಮೂರೂವರೆ ಲೀಟರಿನ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ, ಪೂರ್ತಿ ಉಸಿರು ಸಿಕ್ಕಿದರೆ, 3500 ಲೀಟರ್ ಒಳಗೆಳೆಯುತ್ತದೆ. ಅದರಲ್ಲಿ ಅರ್ಧ ಆ ಬೂದಿ ತುಂಬಿದ ಶೋಧಕದ ಮೂಲಕ. ಬಾಯಿಗೆ ಕಂಬಳಿ ಕಟ್ಟಿಕೊಂಡು ಓಡಿದಂತೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ನಮ್ಮ ಸೀಮೆಯಲ್ಲಿ ಗಾಳಿಯೇ ನೂರಕ್ಕೆ ಐದಾರು ಪಾಲು ತೆಳು. ಎಲ್ಲ ಸೇರಿ 85 ಕುದುರೆಗಳ ಎಂಜಿನ್ನು 45 ಕುದುರೆಗಳಿಗೆ ಇಳಿದರೆ ಆಶ್ಚರ್ಯವಿಲ್ಲ.

ಇದಕ್ಕೆ ಆಗಿನ ಮೆಕ್ಯಾನಿಕ್ಕುಗಳಿಗೆ ಒಂದು ಮದ್ದು ಗೊತ್ತಿತ್ತು. ಇದ್ದಿಲಿನ ಅನಿಲ ಪೆಟ್ರೋಲಿನಂತೆ ಬೇಗ ‘ನಾಕಿಂಗ್’ ಹೊಡೆಯುವುದಿಲ್ಲ. ಆದ್ದರಿಂದ ಅದನ್ನು ಹೆಚ್ಚು ಅದುಮಿ ಉರಿಸಬಹುದು. ಹೆಚ್ಚು ಅದುಮಿದರೆ ಅದೇ ಇಂಧನದಿಂದ ಹೆಚ್ಚು ಕೆಲಸ. ಅದುಮುವುದು ಹೇಗೆ? ಹೆಡ್ಡನ್ನು ಬಿಚ್ಚಿ ಅದರ ತಳವನ್ನು ಯಂತ್ರದಲ್ಲಿ ಕೆತ್ತಿ ತೆಗೆಯುವುದು, ಮುಚ್ಚಳ ತಗ್ಗಿದಷ್ಟೂ ಒಳಜಾಗ ಕಿರಿದು. ಹೆಡ್ ಪ್ಲೇನ್ ಮಾಡಿಸುವುದು ಎಂದು ಈಗಲೂ ಅನ್ನುತ್ತಾರೆ. ಮಾವನ ಮಾಲೀಕರು ತಮ್ಮ ಎರಡು ಬಸ್ಸುಗಳ ಹೆಡ್ಡುಗಳನ್ನೂ ಶಿವಮೊಗ್ಗೆಗೆ ಕಳುಹಿಸಿ ಸಮಸಮನಾಗಿ ಕೆತ್ತಿಸಿ ತರಿಸಿದರು.

ಎರಡು ಬಸ್ಸುಗಳಲ್ಲಿ ಒಂದು ಷೆವರ್ಲೆ, ಇನ್ನೊಂದು ಫೋರ್ಡ್ ವಿ-8. ಆ ಕಾಲದಲ್ಲಿ ಇವೆರಡೂ ನಮ್ಮ ರಸ್ತೆಗಳಿಗೆ ಚಿರಪರಿಚಿತ. ಜನರಲ್ ಮೋಟಾರ್ಸ್ 1928ರಿಂದಲೇ ಮುಂಬಯಿಯಲ್ಲಿ ವಾಹನ ಜೋಡಿಸುತ್ತಿತ್ತು. ಷೆವರ್ಲೆಯದು ಆರು ಸಿಲಿಂಡರು, ಮೂರೂವರೆ ಲೀಟರು. ಫೋರ್ಡಿನದು ಎಂಟು ಸಿಲಿಂಡರು, ಅದಕ್ಕಿಂತ ಚೂರು ಹೆಚ್ಚು. ಕಾಗದದ ಮೇಲೆ ಎರಡೂ 85 ಕುದುರೆಗಳೇ. ಪೆಟ್ರೋಲಿನ ಕಾಲದಲ್ಲಿ ಫೋರ್ಡೇ ಚುರುಕು ಎಂದು ಮಾವ ಹೇಳುತ್ತಿದ್ದರು. ಹೆಡ್ ಕೆತ್ತಿಸಿ ತಂದ ಮೇಲೆ ವಿಚಿತ್ರ ನಡೆಯಿತು. ಷೆವರ್ಲೆ ಮೊದಲಿಗಿಂತ ಸಲೀಸಾಗಿ ಏರು ಹತ್ತತೊಡಗಿತು. ಫೋರ್ಡ್ ಸಪಾಟು ರಸ್ತೆಯಲ್ಲಿ ಮೆಲ್ಲಗೆ ಹೋಗುವಾಗ ಸರಿಯಾಗಿಯೇ ಇರುವುದು. ಏರಿನಲ್ಲಿ ಎಂಜಿನ್ನಿನ ಸುತ್ತು ಹೆಚ್ಚಿಸಿದರೆ ಉಸಿರು ಕಟ್ಟಿದಂತೆ ನಿಂತುಬಿಡುವುದು. ಅದೇ ಇದ್ದಿಲು, ಅದೇ ಮಾದರಿಯ ಒಲೆ, ಒಂದೇ ಕೈಯ ಕೆಲಸ.

ಇಲ್ಲಿಂದ ಮುಂದಿನದು ತರಗತಿಯಲ್ಲಿ ಹೇಳದ ಭಾಗ. ಸದಾ ಕೆಳಗಿನ ಗೇರಿನಲ್ಲಿ ತೆವಳುವ ಬಸ್ಸು ಹೆಚ್ಚು ಇದ್ದಿಲು ತಿನ್ನುತ್ತದೆ. ತಿಂಗಳ ಕೊನೆಗೆ ಮಾಲೀಕರು ಚೀಲಗಳನ್ನು ಎಣಿಸಿದಾಗ ಫೋರ್ಡಿನ ಲೆಕ್ಕ ಷೆವರ್ಲೆಯ ಲೆಕ್ಕಕ್ಕೆ ತಾಳೆಯಾಗಲಿಲ್ಲ. ಮೂರು ತಿಂಗಳೂ ಅದೇ. ಇದ್ದಿಲು ಚೀಲಗಳು ದಾರಿಯಲ್ಲಿ ಮಾರಾಟವಾಗುತ್ತಿವೆ, ಉಳಿದುದರಲ್ಲಿ ಮಣ್ಣು ಬೆರೆಸಲಾಗುತ್ತಿದೆ, ಆದ್ದರಿಂದಲೇ ಬಸ್ಸು ನಿಲ್ಲುತ್ತಿದೆ ಎಂದು ಅವರು ತೀರ್ಮಾನಿಸಿದರು. ಸಂಬಳದಲ್ಲಿ ಹಿಡಿದುಕೊಂಡರು, ಬಳಿಕ ಕೆಲಸದಿಂದಲೂ ಬಿಡಿಸಿದರು. ಮಾವ ವಾದಿಸಲಿಲ್ಲ, ಏಕೆಂದರೆ ವಾದಿಸಲು ಅವರ ಬಳಿ ಕಾರಣವಿರಲಿಲ್ಲ. ಬಸ್ಸು ಏಕೆ ನಿಲ್ಲುತ್ತದೆ ಎನ್ನುವುದು ಅವರಿಗೂ ತಿಳಿದಿರಲಿಲ್ಲ. ಮುಂದೆ ಅಕ್ಕಿ ಗಿರಣಿಯೊಂದರಲ್ಲಿ ಆಯಿಲ್ ಎಂಜಿನ್ ನೋಡಿಕೊಂಡು ಬದುಕು ಕಳೆದರು. ಆದರೆ “ಇದ್ದಿಲು ಕದ್ದವರು” ಎಂಬ ಮಾತು ಅವರಿಗಿಂತ ಮುಂದೆ ನಡೆಯುತ್ತಿತ್ತು. ಮಗಳ ಸಂಬಂಧವೊಂದು ಅದೇ ಮಾತಿನಿಂದ ಮುರಿದದ್ದು ನಮ್ಮ ಮನೆಯ ಹಿರಿಯರಿಗೆ ನೆನಪಿದೆ.

ಮಾವ ತೀರಿಕೊಂಡದ್ದು 1984ರಲ್ಲಿ. ಏಳು ವರ್ಷಗಳ ಮೇಲೆ, ಪ್ರಯೋಗಾಲಯಕ್ಕೆ ಹಳೆಯ ಯಂತ್ರಭಾಗಗಳು ಸಿಗುವುವೋ ಎಂದು ಶಿವಮೊಗ್ಗೆಯ ಗುಜರಿ ಅಂಗಡಿಯೊಂದನ್ನು ಹೊಕ್ಕಾಗ, ಅಲ್ಲಿ ಫೋರ್ಡ್ ವಿ-8 ಎಂಜಿನ್ನೊಂದು ಹೆಡ್ಡಿನ ಸಹಿತ ಬಿದ್ದಿತ್ತು. ಹೆಡ್ಡನ್ನು ಮಗುಚಿ ನೋಡಿದೆ. ಅದರಲ್ಲಿ ಕವಾಟಗಳೇ ಇರಲಿಲ್ಲ!

ವಿಷಯ ಇಷ್ಟೇ. ಷೆವರ್ಲೆಯಲ್ಲಿ ಕವಾಟಗಳು ಹೆಡ್ಡಿನಲ್ಲಿ, ಸಿಲಿಂಡರಿನ ನೆತ್ತಿಯ ಮೇಲೆ ತೂಗುತ್ತವೆ. ಬಾಗಿಲು ತೆರೆದರೆ ಮಿಶ್ರಣ ನೇರವಾಗಿ ಒಳಗೆ ಇಳಿಯುತ್ತದೆ. ಫೋರ್ಡಿನದು ಪಕ್ಕದ ಕವಾಟ. ಗ್ಯಾರೇಜಿನವರು ‘ಫ್ಲ್ಯಾಟ್ ಹೆಡ್’ ಎನ್ನುತ್ತಾರೆ. ಅಲ್ಲಿ ಕವಾಟಗಳು ಸಿಲಿಂಡರಿನ ಪಕ್ಕದಲ್ಲಿ, ಬ್ಲಾಕಿನೊಳಗೆ ಮೇಲ್ಮುಖವಾಗಿ ನಿಂತಿವೆ. ಮಿಶ್ರಣ ಕೆಳಗಿನಿಂದ ಮೇಲೆದ್ದು, ಹೆಡ್ಡಿನ ತಳದಲ್ಲಿ ತೋಡಿರುವ ತಗ್ಗು ಪಡಸಾಲೆಯೊಂದರಲ್ಲಿ ಅಡ್ಡಲಾಗಿ ಹಾದು, ಬಾಗಿ ಸಿಲಿಂಡರಿಗೆ ಇಳಿಯಬೇಕು. ಆ ಪಡಸಾಲೆಯ ಚಾವಣಿಯೇ ಹೆಡ್ಡು. ಹೆಡ್ಡನ್ನು ಕೆತ್ತಿದರೆ ಚಾವಣಿ ಕೆಳಗಿಳಿಯುತ್ತದೆ, ಹಾದುಹೋಗುವ ದಾರಿ ಕಿರಿದಾಗುತ್ತದೆ. ತೂಬಿನ ಬಿರಡೆಯನ್ನು ಎಷ್ಟು ಎತ್ತಿದರೇನು, ಅದರ ಮುಂದೆಯೇ ಕಲ್ಲು ಅಡ್ಡ ಇಟ್ಟಂತೆ. ಅಂದರೆ ಪಕ್ಕದ ಕವಾಟದ ಎಂಜಿನ್ನಿನಲ್ಲಿ ಅದುಮುವಿಕೆ ಮತ್ತು ಉಸಿರಾಟ ಒಂದಕ್ಕೊಂದು ವೈರಿಗಳು. ಒಂದನ್ನು ಕೊಂಡರೆ ಇನ್ನೊಂದನ್ನು ಮಾರಿದಂತೆ. ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ ಮೊದಲ ಮಹಾಯುದ್ಧ ಮುಗಿದ ಹೊತ್ತಿಗೇ ಇಂಥ ಎಂಜಿನ್ನುಗಳ ಹೆಡ್ಡಿನ ಆಕಾರದ ಮೇಲೆ ಕೆಲಸ ಮಾಡಿ, ಕವಾಟದ ಮೇಲೆ ಜಾಗ ಬಿಟ್ಟು ಪಿಸ್ಟನ್ನಿನ ಆಚೆ ಬದಿಯಲ್ಲಿ ಜಾಗ ಕಿರಿದು ಮಾಡುವ ಉಪಾಯ ಕಂಡುಹಿಡಿದಿದ್ದ. ಆ ಸೂಕ್ಷ್ಮ ಶಿವಮೊಗ್ಗೆಯ ಕೆತ್ತುವ ಯಂತ್ರಕ್ಕೆ ತಿಳಿಯುವುದು ಹೇಗೆ? ಅದು ತಳವನ್ನೆಲ್ಲ ಒಂದೇ ಸಮನೆ ಕೆತ್ತಿತು.

ಫೋರ್ಡಿಗೆ ಇನ್ನೊಂದು ಕೇಡೂ ಇತ್ತು. ಅದರ ಬಿಸಿ ಹೊಗೆ ಹೊರಹೋಗುವ ದಾರಿಗಳು ಬ್ಲಾಕಿನೊಳಗಿಂದಲೇ, ಸಿಲಿಂಡರುಗಳ ಪಕ್ಕದಲ್ಲಿಯೇ ಹಾದುಹೋಗುತ್ತಿದ್ದುವು. ಏರಿನಲ್ಲಿ ಎಂಜಿನ್ ಕಾಯುವುದು. ಕಾದಂತೆ ಒಳಬರುವ ಮಿಶ್ರಣವೂ ಉಬ್ಬಿ ತೆಳುವಾಗುವುದು. ಪೆಟ್ರೋಲಿನಲ್ಲಿ ಓಡುವಾಗ ಇವನ್ನೆಲ್ಲ ಸಹಿಸಿಕೊಳ್ಳುವಷ್ಟು ಬಲ ಮಿಕ್ಕಿರುತ್ತಿತ್ತು. ಮೂರರಲ್ಲಿ ಒಂದು ಪಾಲು ಬಲವನ್ನು ಮೊದಲೇ ಕಳೆದುಕೊಂಡ ಅನಿಲಕ್ಕೆ ಉಸಿರಿನ ಒಂದೊಂದು ಕಾಸೂ ಮುಖ್ಯ. ಹೆನ್ರಿ ಫೋರ್ಡ್ 1932ರಲ್ಲಿ ಎಂಟು ಸಿಲಿಂಡರಿನ ಎಂಜಿನ್ನನ್ನು ಜನಸಾಮಾನ್ಯರ ಬೆಲೆಗೆ ತಂದದ್ದು ದೊಡ್ಡ ಸಾಧನೆಯೇ. ಪಕ್ಕದ ಕವಾಟ ಅಗ್ಗ, ಗಟ್ಟಿ, ರಿಪೇರಿಗೆ ಸುಲಭ. ಅದು ಶಿಕಾರಿಪುರದ ಏರಿನಲ್ಲಿ ಇದ್ದಿಲು ತಿಂದು ಬದುಕಬೇಕಾದೀತು ಎಂದು ಅವನು ಎಣಿಸಿರಲಾರ.

ಗುಜರಿ ಅಂಗಡಿಯ ಆ ಸಂಜೆ ನಾನು ಬಸ್ ನಿಲ್ದಾಣದಲ್ಲಿ ಕುಳಿತು ಟಿಕೇಟಿನ ಹಿಂಬದಿಯಲ್ಲಿ ಇದೆಲ್ಲವನ್ನೂ ಲೆಕ್ಕ ಹಾಕಿದೆ. ಈ ಲೆಕ್ಕದಿಂದ ಮಾವ ಒಂದು ಚೀಲವನ್ನೂ ಮಾರಲಿಲ್ಲ ಎಂದು ಸಿದ್ಧವಾಗುವುದಿಲ್ಲ. ವಿಜ್ಞಾನದ ಮೇಷ್ಟ್ರಾಗಿ ಅಷ್ಟು ಪ್ರಾಮಾಣಿಕತೆ ನನಗಿರಬೇಕು. ಆದರೆ ಒಂದು ಚೀಲವೂ ಕಳುವಾಗದಿದ್ದರೂ ಆ ಬಸ್ಸು ಆ ಏರಿನಲ್ಲಿ ನಿಲ್ಲುತ್ತಿತ್ತು, ಆ ಚೀಲಗಳ ಲೆಕ್ಕ ತಪ್ಪುತ್ತಿತ್ತು ಎಂಬುದು ಸಿದ್ಧವಾಗುತ್ತದೆ. ಆರೋಪ ನಿಂತಿದ್ದುದು ಅದೊಂದರ ಮೇಲೆಯೇ. ನಾನೂ ಎಷ್ಟೋ ವರ್ಷ ಅವರನ್ನು ಕೂರಿಸಿಕೊಂಡು ಬಸ್ಸಿನ ತಮಾಷೆಗಳನ್ನು ಕೇಳಿದೆನೇ ಹೊರತು, “ಮಾವ, ಆ ಫೋರ್ಡಿನ ಹೆಡ್ಡು ಹೇಗಿತ್ತು, ಬರೆದು ತೋರಿಸಿ” ಎಂದು ಒಮ್ಮೆಯೂ ಕೇಳಲಿಲ್ಲ.

ಯುದ್ಧ ಮುಗಿದ ಮೇಲೆ ಒಲೆಗಳು ಬಿಚ್ಚಿಹೋದುವು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ಸಾರಿಗೆ ಇಲಾಖೆ 120 ಬಸ್ಸುಗಳೊಡನೆ ಆರಂಭವಾಯಿತು. ಡೀಸೆಲ್ ಎಂಜಿನ್ನುಗಳು ಬಂದು ಪೆಟ್ರೋಲ್ ಬಸ್ಸುಗಳ ಕಾಲವೇ ಮುಗಿಯಿತು. ಇದ್ದಿಲು ಅನಿಲವನ್ನು ಮತ್ತೆ ಗಂಭೀರವಾಗಿ ಕೈಗೆತ್ತಿಕೊಂಡವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಗೆ ಅವರ ಕಟ್ಟಿಗೆ ಅನಿಲದ ಎಂಜಿನ್ನಿನಿಂದ ದೀಪ ಹತ್ತಿತು. ಮುಂದೆ ಅದೇ ಸಂಸ್ಥೆಯವರು ಡೀಸೆಲ್ ಎಂಜಿನ್ನೊಂದನ್ನು ಬರೀ ಅನಿಲಕ್ಕೆ ಬದಲಾಯಿಸಿ, 17ಕ್ಕೆ 1ರಷ್ಟು ಅದುಮಿದರೂ ಅದು ನಾಕಿಂಗ್ ಹೊಡೆಯದೆಂದು ತೋರಿಸಿ 2001ರಲ್ಲಿ ಪ್ರಕಟಿಸಿದರು. ಬಲದ ನಷ್ಟ ನೂರಕ್ಕೆ 16ಕ್ಕೆ ಇಳಿದಿತ್ತು. ನಮ್ಮೂರ ಬಸ್ಸುಗಳು ಅದುಮುತ್ತಿದ್ದುದು ಆರೂವರೆ, ಏಳರಷ್ಟು. ಮಾವನ ಮಾಲೀಕರ ಊಹೆ ಮೂಲದಲ್ಲಿ ಸರಿಯಾಗಿಯೇ ಇತ್ತು ಎನ್ನಬೇಕು. ತಪ್ಪಿದ್ದು ಹೆಡ್ಡಿನ ಆಯ್ಕೆಯಲ್ಲಿ.

ಈಗ ವಿದ್ಯಾರ್ಥಿಯ ಜೀಪು. ಮಹೀಂದ್ರದವರು ಬಹುಕಾಲ ತಯಾರಿಸಿದ, ಎತ್ತರದ ಬಾನೆಟ್ಟಿನ ಜೀಪು ಅದು. ಅಡಿಕೆ ತೋಟದವರ ಮನೆಗಳ ಮುಂದೆ ನೀವೆಲ್ಲ ಕಂಡದ್ದೇ. ಆ ಬಾನೆಟ್ಟು ಅಷ್ಟು ಎತ್ತರವಾಗಿರಲು ಕಾರಣ ಗೊತ್ತೇ? ಯುದ್ಧಕಾಲದ ಮೂಲ ವಿಲ್ಲೀಸ್ ಜೀಪಿನ 2.2 ಲೀಟರ್ ಎಂಜಿನ್ನೂ ಪಕ್ಕದ ಕವಾಟದ್ದೇ, 60 ಕುದುರೆ. 1950ರಲ್ಲಿ ವಿಲ್ಲೀಸ್‌ನವರು ಅದೇ ಅಳತೆಯ ಸಿಲಿಂಡರುಗಳನ್ನಿಟ್ಟುಕೊಂಡು, ಹೊಗೆಯ ಕವಾಟವನ್ನು ಬ್ಲಾಕಿನಲ್ಲಿಯೇ ಬಿಟ್ಟು, ಒಳಬರುವ ಕವಾಟವನ್ನು ಮಾತ್ರ ದೊಡ್ಡದು ಮಾಡಿ ಹೆಡ್ಡಿಗೆ ಏರಿಸಿದರು. ಬಲ 72 ಕುದುರೆಗೆ ಏರಿತು. ಅದುಮುವಿಕೆಯನ್ನೂ ತುಸು ಹೆಚ್ಚಿಸಿದ್ದರು, ನಿಜ. ಆದರೆ ಮುಖ್ಯವಾದದ್ದು ಉಸಿರಿನ ದಾರಿ. ಹೆಡ್ಡು ಎತ್ತರವಾದ್ದರಿಂದ ಹಳೆಯ ಬಾನೆಟ್ಟು ಸಾಲದೆ, 1953ರ ಮಾದರಿಯಲ್ಲಿ ಅದನ್ನು ಎತ್ತರಿಸಿದರು. ಮಾವನ ಎರಡು ಬಸ್ಸುಗಳು ಒಂದೇ ಎಂಜಿನ್ನಿನಲ್ಲಿ ಸೇರಿದಂತೆ ನನಗೆ ಅದು ಕಾಣುತ್ತದೆ.

ಅವನಿಗೆ ಫೋನಿನಲ್ಲಿ ಹೇಳಿದೆ: ಮೊದಲು ಅಳೆ. ಕವಾಟದ ಅಡ್ಡಳತೆ ಸುಮಾರು 2 ಅಂಗುಲ, ಅದು ಏಳುವ ಎತ್ತರ ಕಾಲು ಅಂಗುಲಕ್ಕಿಂತ ಚೂರು ಹೆಚ್ಚು ಎಂದು ಅಳೆದು ಹೇಳಿದ. ಆಗ ತೂಬಿನ ಲೆಕ್ಕ ಮಾಡಿಸಿದೆ. 2 ಅಂಗುಲದ ಕಾಲು ಭಾಗ ಅರ್ಧ ಅಂಗುಲ. ಈ ಕವಾಟ ಅಷ್ಟು ಎತ್ತರಕ್ಕೆ ಏಳುವುದೇ ಇಲ್ಲ. ಉದ್ದಕ್ಕೂ ಸಂದೇ ಯಜಮಾನ. ಹಾಗಿರುವಾಗ ಹಿಂದಿನ ಕೊರಳನ್ನು ಉಜ್ಜಿ ಅಗಲ ಮಾಡಿ ಬಂದ ಲಾಭವೇನು? ನಷ್ಟವಂತೂ ಇದೆ. ಅಗಲವಾದ ಕಾಲುವೆಯಲ್ಲಿ ನೀರು ಸೋಮಾರಿಯಾಗುತ್ತದೆ, ತೋಟದ ಕೊನೆಯ ಸಾಲಿಗೆ ಮುಟ್ಟುವುದಿಲ್ಲ. ಕಿರಿದಾದ ದಾರಿಯಲ್ಲಿ ವೇಗವಾಗಿ ಬರುವ ಗಾಳಿ, ಪಿಸ್ಟನ್ ಕೆಳಗೆ ತಲುಪಿ ನಿಧಾನಿಸಿದ ಮೇಲೂ ತನ್ನ ಓಟದ ಬಲದಿಂದಲೇ ಇನ್ನಷ್ಟು ಒಳನುಗ್ಗುತ್ತದೆ, ಪೆಟ್ರೋಲನ್ನೂ ಚೆನ್ನಾಗಿ ಕಲಸುತ್ತದೆ. ತೋಟದ ಕೆಸರಿನಲ್ಲಿ ಕಡಿಮೆ ಸುತ್ತಿನಲ್ಲಿ ಎಳೆಯಬೇಕಾದ ಜೀಪಿಗೆ ಬೇಕಾದದ್ದು ಅದು. ಪಂದ್ಯದ ಕಾರಿಗಾದರೆ ಬೇರೆ ಮಾತು.

“ಗಿರಾಕಿ ನಂಬಲ್ಲ ಮೇಷ್ಟ್ರೇ, ಕಣ್ಣಿಗೆ ಕಾಣಬೇಕು” ಎಂದ. ಹಾಗಾದರೆ ಕಾಣಿಸು ಎಂದೆ. ಶಾಲೆಯ ಪ್ರಯೋಗಾಲಯದಲ್ಲಿ ಒತ್ತಡ ಅಳೆಯಲು ಬಳಸುತ್ತಿದ್ದ ಇಂಗ್ಲಿಷಿನ ಯು ಅಕ್ಷರದ ಆಕಾರದ ಕೊಳವೆ ನೆನಪಿದೆಯೇ? ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯೊಂದನ್ನು ಹಲಗೆಗೆ ಹಾಗೆಯೇ ಬಗ್ಗಿಸಿ ಕಟ್ಟಿ, ಕುಂಕುಮ ಕಲಸಿದ ನೀರು ತುಂಬಿದ. ಮನೆಯ ಧೂಳೆಳೆಯುವ ಯಂತ್ರದ ಬಾಯಿಯನ್ನು ಡಬ್ಬವೊಂದರ ಮೂಲಕ ಹೆಡ್ಡಿಗೆ ಜೋಡಿಸಿ, ಕೊಳವೆಯ ಒಂದು ತುದಿಯನ್ನು ಆ ಡಬ್ಬಕ್ಕೆ ಸೇರಿಸಿದ. ಕವಾಟವನ್ನು ಬೋಲ್ಟಿನಿಂದ ಬೇಕಾದಷ್ಟು ತೆರೆದು ನಿಲ್ಲಿಸಿ ಯಂತ್ರ ಹಾಕಿದರೆ, ಗಾಳಿಗೆ ಅಡ್ಡಿ ಹೆಚ್ಚಿದ್ದಷ್ಟೂ ಕೆಂಪು ನೀರು ಎತ್ತರಕ್ಕೆ ಏರುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಹೆಡ್ಡುಗಳನ್ನು ಪರೀಕ್ಷಿಸುವುದೂ ತತ್ತ್ವದಲ್ಲಿ ಹೀಗೆಯೇ. ಯಂತ್ರ ಮಾತ್ರ ದುಬಾರಿ. ಎರಡು ಹೆಡ್ಡುಗಳಲ್ಲಿಯೂ, ಕವಾಟ ನಿಜವಾಗಿ ಏಳುವ ಎತ್ತರದವರೆಗೆ, ಕೆಂಪು ನೀರು ಒಂದೇ ಗೆರೆಗೆ ಬಂದು ನಿಂತಿತು. ಕವಾಟವನ್ನು ಅರ್ಧ ಅಂಗುಲ ದಾಟಿಸಿದಾಗ ಮಾತ್ರ ಅಗಲದ ಹೆಡ್ಡು ತುಸು ಸಲೀಸು ಎಂದು ತೋರಿತು. ಗಿರಾಕಿ ಎರಡು ಸಲ ಹಾಕಿಸಿ ನೋಡಿ ಸುಮ್ಮನಾದರಂತೆ. ಕಂಪನಿಯ ಹೆಡ್ಡೇ ಕೂತಿತು.

ಆ ಹಲಗೆಯ ಚಿತ್ರವನ್ನು ಅವನು ಮೊಬೈಲಿಗೆ ಕಳುಹಿಸಿದ. ನಾನು ಅದನ್ನು, ಮೇಲಿನ ಲೆಕ್ಕದೊಡನೆ, ಹುಬ್ಬಳ್ಳಿಯಲ್ಲಿರುವ ಮಾವನ ಮಗಳಿಗೆ ತೋರಿಸಿದೆ. ಸಂಬಂಧ ಮುರಿದದ್ದು ಆಕೆಯದೇ. ಈಗ ಎಂಬತ್ತು ದಾಟಿದೆ. ತುಂಬ ಹೊತ್ತು ನೋಡಿ, “ಅಣ್ಣಾ, ಇದನ್ನ ನನಗೆ ದಪ್ಪ ಅಕ್ಷರದಾಗ ಬರೆದು ಕೊಡು. ಮೊಮ್ಮಕ್ಕಳ ಕಡೆ ಓದಿಸ್ತೀನಿ” ಎಂದಳು. ಬರೆದು, ಹೋದ ಸೋಮವಾರ ಅಂಚೆಗೆ ಹಾಕಿದ್ದೇನೆ.